ತಿಳೀತಾ ಅಂದರೆ ‘ಹೂಂ ರೀ’ ಅನ್ನುವ ಮಕ್ಕಳು

ಪ್ರಶ್ನೆ: ಮಸ್ಕಿ ತಾಲ್ಲೂಕಿನ ಸರ್ಕಾರಿ ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ಕೆಲಸಕ್ಕೆ ಸೇರಿ ಎರಡು ವರ್ಷ ಆಯ್ತು. ರಾತ್ರಿ ಕೂತು ತಯಾರಿ ಮಾಡಿಕೊಂಡು ಹೋಗುತ್ತೇನೆ. ‘ತಿಳೀತಾ?’ ಅಂದರೆ ಎಲ್ಲರೂ ಒಟ್ಟಿಗೆ ‘ಹೂಂ ರೀ’ ಅನ್ನುತ್ತಾರೆ. ಮರುದಿನ ಕೇಳಿದರೆ ಒಬ್ಬರೂ ಬಾಯಿ ಬಿಡಲ್ಲ. ಗುಳೆ ಹೋಗಿ ಬಂದ ಮಕ್ಕಳಂತೂ ತಲೆನೇ ಎತ್ತಲ್ಲ. ತಾವಾಗಿಯೇ ಕಲಿಯಬೇಕು ಅಂತ ಅವರಿಗೆ ಅನ್ನಿಸುವುದು ಹೇಗೆ?
– ಹೊಸ ಶಿಕ್ಷಕಿ

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ನಾನು ಕೊಪ್ಪಳದಲ್ಲಿ ಇದೇ ವಿಷಯ ಕಲಿಸಿದವನು. ಮೊದಲ ಆರೇಳು ವರ್ಷ ಅಶೋಕನ ಪಾಠವನ್ನು ಓದಿ, ನೋಟ್ಸ್ ಬರೆಸಿ ಮುಗಿಸುತ್ತಿದ್ದೆ. ಅಶೋಕನ ಶಾಸನ ನಮ್ಮ ಗವಿಮಠದ ಬೆಟ್ಟದಲ್ಲೇ ಇದೆ. ಮಕ್ಕಳೆಲ್ಲ ಜಾತ್ರೆಗೆ ಹೋಗುವ ಜಾಗ. ಆದರೂ ಪಾಠದಲ್ಲಿ ಒಂದು ದಿನವೂ ನಾನು ಅದರ ಸುದ್ದಿ ಎತ್ತಲಿಲ್ಲ. ಆ ಮಕ್ಕಳ ಬಗ್ಗೆ ಇವತ್ತಿಗೂ ನನಗೆ ನೋವಿದೆ.

ಒಂದು ವರ್ಷ ಪಾಠ ಶುರು ಮಾಡುವ ಮೊದಲು ಬೋರ್ಡ್ ಮೇಲೆ ಮೂರು ಗುರುತು ಬರೆದೆ. ಒಂದು ಕೂಡಿಸುವ ಚಿಹ್ನೆ, ಪಕ್ಕದಲ್ಲಿ ತಲೆಕೆಳಗಾದ ಇಂಗ್ಲಿಷ್ ಟೀ, ಮತ್ತೆ ಕೂಡಿಸುವ ಚಿಹ್ನೆ. ಬರೆದು ಸುಮ್ನೆ ನಿಂತೆ. ‘ಗಣಿತ ಏನ್ರಿ ಸರ?’ ಅಂದ ಒಬ್ಬ. ‘ಅಲ್ಲ, ಎರಡು ಸಾವಿರ ವರ್ಷಕ್ಕಿಂತ ಹಳೆಯ ಅಕ್ಷರ. ನಿಮಗೆ ಗೊತ್ತಿರೋ ಮಾತೇ. ನಡುವಿನದು ನ’ ಅಂದೆ. ಅಷ್ಟೇ. ಗುಸುಗುಸು ಶುರುವಾಯಿತು. ‘ಮೊದಲಿಂದು, ಕಡೀದು ಒಂದ ಅದಾವ’ ಅಂತ ಒಬ್ಬಳು ಹೇಳಿದಳು. ಆಮೇಲೆ ಪೂರ್ತಿ ನಿಶ್ಶಬ್ದ. ಹೇಳಿಬಿಡೋಣ ಅಂತ ನನ್ನ ನಾಲಿಗೆ ತುದಿಗೆ ಬಂದಿತ್ತು. ಹಲ್ಲು ಕಚ್ಚಿ ತಡೆದೆ. ಕೊನೆಯ ಬೆಂಚಿನ ಹುಡುಗ ಮೆಲ್ಲಗೆ, ‘ಕನಕ ಏನ್ರಿ? ನಮ್ಮ ಮಾಮನ ಹೆಸರು ಕನಕಪ್ಪ’ ಅಂದ. ಕನಕಗಿರಿ ಕಡೆಯವನು. ಅವನ ದನಿಯನ್ನು ನಾನು ಆ ವರ್ಷ ಕೇಳಿದ್ದು ಅವತ್ತೇ ಮೊದಲು. ಗಂಟೆ ಹೊಡೆದರೂ ಮಕ್ಕಳು ಏಳಲಿಲ್ಲ. ತಮ್ಮ ಹೆಸರನ್ನೂ ಆ ಹಳೆಯ ಬ್ರಾಹ್ಮಿ ಲಿಪಿಯಲ್ಲಿ ಬರೆದುಕೊಡಿ ಅಂತ ನನ್ನ ಸುತ್ತ ನಿಂತರು.

ನೀವಿರುವುದು ಮಸ್ಕಿಯಲ್ಲಿ, ಇದಕ್ಕಿಂತ ದೊಡ್ಡ ಒಗಟೇ ನಿಮ್ಮ ಹತ್ತಿರ ಇದೆ. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಅನ್ನುವ ಇಂಗ್ಲಿಷ್ ವಿದ್ವಾಂಸ ಬ್ರಾಹ್ಮಿ ಲಿಪಿಯನ್ನು ಓದಿದ. ಆದರೆ ಬಂಡೆಗಳ ಮೇಲೆಲ್ಲ ‘ದೇವಾನಾಂಪ್ರಿಯ’, ‘ಪ್ರಿಯದರ್ಶಿ’ ಅನ್ನುವ ಬಿರುದುಗಳಷ್ಟೇ ಇದ್ದವು, ರಾಜನ ಹೆಸರು ಇರಲಿಲ್ಲ. ಅವನು ಅಶೋಕನೇ ಇರಬೇಕು ಅನ್ನುವುದಕ್ಕೆ ಶ್ರೀಲಂಕಾದ ಹಳೆಯ ಗ್ರಂಥಗಳಲ್ಲಿ ಸುಳಿವಿತ್ತು, ಬಂಡೆಯ ಸಾಕ್ಷಿ ಇರಲಿಲ್ಲ. 1915ರಲ್ಲಿ ಬೀಡನ್ ಅನ್ನುವ ಚಿನ್ನದ ಗಣಿ ಎಂಜಿನಿಯರ್ ಮಸ್ಕಿಯ ಶಾಸನವನ್ನು ಕಂಡ. ಅದರಲ್ಲಿ ಅಶೋಕ ಅನ್ನುವ ಹೆಸರೇ ಇತ್ತು! ಆಮೇಲೆ ಸಿರುಗುಪ್ಪ ತಾಲ್ಲೂಕಿನ ನಿಟ್ಟೂರು, ಉಡೇಗೋಳದಲ್ಲೂ ಆ ಹೆಸರು ಸಿಕ್ಕಿತು. ಇದನ್ನೆಲ್ಲ ಒಂದೇ ಉಸಿರಿಗೆ ಹೇಳಿಬಿಡಬೇಡಿ. ‘ಬಂಡೆ ಮೇಲೆ ಹೆಸರಿಲ್ಲ, ಬರೆಸಿದವನು ಯಾರು ಅಂತ ಹೆಂಗ ಕಂಡುಹಿಡೀತೀರಿ?’ ಅಂತ ಕೇಳಿ ಅಲ್ಲಿಗೆ ನಿಲ್ಲಿಸಿ. ಬೇಕಾದರೆ ಉತ್ತರ ಮರುದಿನಕ್ಕೇ ಇರಲಿ. ಆಮೇಲೆ ಅವರನ್ನು ಆ ಬಂಡೆಯ ಹತ್ತಿರ ಕರೆದುಕೊಂಡು ಹೋಗಿ.

ಕೇಳಿದ ಮೇಲೆ ಕಾಯುವುದು ಮಾತ್ರ ಬಹಳ ಕಷ್ಟ. ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲಿ ತರಗತಿಗಳನ್ನು ರೆಕಾರ್ಡ್ ಮಾಡಿ ಗಮನಿಸಿದ್ದರು. ಪ್ರಶ್ನೆ ಕೇಳಿದ ಶಿಕ್ಷಕರು ಸಾಮಾನ್ಯವಾಗಿ ಒಂದು ಸೆಕೆಂಡ್ ಕಾಯುತ್ತಿದ್ದರು, ಅಷ್ಟೇ. ಮೂರು ಸೆಕೆಂಡ್ ಅಥವಾ ಇನ್ನೂ ಜಾಸ್ತಿ ಕಾದಾಗ ಮಕ್ಕಳ ಉತ್ತರ ಉದ್ದವಾಯಿತು, ಸುಮ್ಮನಿದ್ದವರೂ ಮಾತಾಡಿದರು. ನಾನು ಮನಸ್ಸಿನಲ್ಲೇ ಐದರ ತನಕ ಎಣಿಸುತ್ತಿದ್ದೆ. ನೀವೂ ಎಣಿಸಿ. ‘ತಿಳೀತಾ?’ ಅನ್ನುವುದನ್ನು ಪೂರ್ತಿ ಬಿಟ್ಟುಬಿಡಿ. ಅದಕ್ಕೆ ‘ಹೂಂ’ ಬಿಟ್ಟು ಬೇರೆ ಉತ್ತರವೇ ಇಲ್ಲ, ಅಲ್ವಾ?

ಗುಳೆ ಹೋಗಿ ಬಂದ ಮಕ್ಕಳ ಬಗ್ಗೆ. ಅವರು ಏನು ಕಳೆದುಕೊಂಡರು ಅಂತ ಎಲ್ಲರೂ ಲೆಕ್ಕ ಹಾಕುತ್ತಾರೆ. ಏನು ಕಲಿತು ಬಂದರು ಅಂತ ಕೇಳುವವರು ಕಡಿಮೆ. ನಮ್ಮ ಶಾಲೆಯ ಒಬ್ಬ ಹುಡುಗಿ ಬೆಂಗಳೂರಿನ ಕಟ್ಟಡ ಕೆಲಸದ ಕಡೆಯಿಂದ ಮೂರು ತಿಂಗಳ ನಂತರ ವಾಪಸ್ ಬಂದಿದ್ದಳು. ಗಣಿತದ ಶಿಕ್ಷಕರು ಅನುಪಾತ ಹೇಳಿಕೊಡುತ್ತಿದ್ದರು. ಯಾರಿಗೂ ಹತ್ತಲಿಲ್ಲ. ಇವಳನ್ನು, ‘ಇಟ್ಟಿಗೆ ಗೋಡೆಗೆ ಸಿಮೆಂಟ್ ಹೆಂಗ ಕಲಸ್ತಾರವ್ವಾ?’ ಅಂತ ಕೇಳಿದರು. ‘ಒಂದು ಪುಟ್ಟಿ ಸಿಮೆಂಟಿಗೆ ಆರು ಪುಟ್ಟಿ ಉಸುಕು ರೀ’ ಅಂದಳು. ‘ಮೂರು ಪುಟ್ಟಿ ಸಿಮೆಂಟಿದ್ರ?’ ತಡವಿಲ್ಲದೆ, ‘ಹದಿನೆಂಟು’. ಅವತ್ತಿನ ಪಾಠವನ್ನು ಅವಳೇ ಮಾಡಿದಳು, ಅಂಗೈಯಲ್ಲಿ ಗಾರೆ ಕಲಸುವ ಹಾಗೆ ತೋರಿಸುತ್ತಾ.

ಪ್ರಶ್ನೆ: ಚೆನ್ನಾಗಿ ಓದಿದವರಿಗೆ ಪೆನ್ನು, ಕಂಪಾಸು ಬಹುಮಾನ ಕೊಡುತ್ತೇನೆ ಅಂತ ಹೇಳಿದರೆ ಆಸಕ್ತಿ ಬರುತ್ತದಾ?
– ಶಿಕ್ಷಕ, ಗಂಗಾವತಿ

ಉತ್ತರ: ಕೊಡಿ, ಆದರೆ ಮೊದಲೇ ಹೇಳಬೇಡಿ. 1973ರಲ್ಲಿ ಲೆಪ್ಪರ್, ಗ್ರೀನ್, ನಿಸ್ಬೆಟ್ ಅನ್ನುವ ಮೂವರು ಮನಶ್ಶಾಸ್ತ್ರಜ್ಞರು ಪುಟ್ಟ ಮಕ್ಕಳ ಮೇಲೆ ಮಾಡಿದ ಒಂದು ಪ್ರಯೋಗದ ವರದಿ ಪ್ರಕಟಿಸಿದರು. ಚಿತ್ರ ಬರೆಯುವುದು ಮೊದಲೇ ಇಷ್ಟವಿದ್ದ ಮಕ್ಕಳವರು. ‘ಬರೆದರೆ ಸರ್ಟಿಫಿಕೇಟ್ ಕೊಡುತ್ತೇವೆ’ ಅಂತ ಹೇಳಿಸಿಕೊಂಡವರು ಆಮೇಲೆ ತಮ್ಮಷ್ಟಕ್ಕೆ ಬರೆಯುವುದು ಕಡಿಮೆಯಾಯಿತು. ಹೇಳದೆ ಕೊಟ್ಟ ಮಕ್ಕಳಲ್ಲಿ ಹಾಗಾಗಲಿಲ್ಲ. ನಿಮ್ಮ ಹುಡುಗ ಒಳ್ಳೆಯ ಪ್ರಶ್ನೆ ಕೇಳಿದ ದಿನ ಜೇಬಿನಿಂದ ಪೆನ್ನು ತೆಗೆದು ಅವನ ಕೈಗೆ ಕೊಟ್ಟುಬಿಡಿ.