ಲಾರಿಯ ಬೆನ್ನಿಗೊಂದು ತಕ್ಕಡಿ

ಓದುಗರ ಪತ್ರ: ‘ನಮ್ಮ ಊರಿನ ರಸ್ತೆ ಡಾಂಬರು ಕಂಡು ಎರಡು ಮಳೆಗಾಲ ಕಳೆದಿಲ್ಲ, ಆಗಲೇ ಜಲ್ಲಿ ಲಾರಿಗಳು ಅದನ್ನು ಉತ್ತ ಗದ್ದೆ ಮಾಡಿಟ್ಟಿವೆ. ಕಳೆದ ತಿಂಗಳು ಒಂದು ಟಿಪ್ಪರ್ ತಿರುವಿನಲ್ಲಿ ನಮ್ಮ ತೋಟದ ಬೇಲಿಯ ಮೇಲೆ ಮಗುಚಿತು. ಚಾಲಕನ ಕಾಲು ಮುರಿಯಿತು. ತನ್ನ ಮೇಲೆ ಎಷ್ಟು ಭಾರವಿದೆ ಎಂದು ಲಾರಿಯೇ ತೂಗಿ ಹೇಳುವ ಸಾಧನ ಬಂದಿದೆಯಂತೆ. ಮಿತಿ ಮೀರಿದರೆ ಇಂಜಿನ್ನೇ ಚಾಲೂ ಆಗದಂತೆ ಅದನ್ನು ಜೋಡಿಸಿಬಿಟ್ಟರೆ ಒಂದೇ ದಿನದಲ್ಲಿ ಎಲ್ಲವೂ ಸರಿಹೋಗುತ್ತದೆ. ನಿಮ್ಮ ಪತ್ರಿಕೆ ಇದನ್ನೇಕೆ ಒತ್ತಾಯಿಸುತ್ತಿಲ್ಲ?’
– ತೀರ್ಥಹಳ್ಳಿ ತಾಲ್ಲೂಕಿನ ಒಬ್ಬ ಅಡಿಕೆ ಬೆಳೆಗಾರರು

ಸಂಪಾದಕರ ಉತ್ತರ

ಮಾನ್ಯರೇ,

ನಮಸ್ಕಾರ. ನಿಮ್ಮ ಪತ್ರದ ಮೊದಲರ್ಧಕ್ಕೆ ನನ್ನ ಪೂರ್ಣ ಸಹಮತವಿದೆ. ಇಂಜಿನ್ ನಿಲ್ಲಿಸುವ ಮಾತಿಗೆ ಮಾತ್ರ ಇಲ್ಲ. ಅದಕ್ಕೆ ಕಾರಣ ಹೇಳುವ ಮೊದಲು ನನ್ನ ಒಂದು ತಪ್ಪನ್ನು ಒಪ್ಪಿಕೊಂಡುಬಿಡುತ್ತೇನೆ; ಇಲ್ಲವಾದರೆ ಮುಂದಿನ ಉಪದೇಶವೆಲ್ಲ ನನಗೇ ಮುಜುಗರ ತರುತ್ತದೆ.

ಕೆಲವು ವರ್ಷಗಳ ಹಿಂದೆ ನಮ್ಮ ಮನೆಯ ಹಿಂಬದಿಗೆ ಕಾಂಪೌಂಡ್ ಕಟ್ಟಿಸಿದೆ. ಜಲ್ಲಿಗೆ ಚೌಕಾಸಿ ಮಾಡಿದ್ದು ‘ಲೋಡಿಗೆ ಇಷ್ಟು’ ಎಂದು. ಲಾರಿ ಬಂದಾಗ ಜಲ್ಲಿ ಬಾಡಿಯ ಅಂಚನ್ನು ದಾಟಿ ಗುಡ್ಡೆಯಾಗಿ ನಿಂತಿತ್ತು. ಮೇಸ್ತ್ರಿ ‘ಒಳ್ಳೆಯ ಲೋಡು ಸಾರ್’ ಎಂದು ಹೊಗಳಿದರು, ನಾನೂ ಹಿಗ್ಗಿದೆ. ಅದೇ ಲಾರಿ ಬೀದಿಯ ಮೋರಿಯ ಚಪ್ಪಡಿಯನ್ನು ಎರಡು ಹೋಳು ಮಾಡಿ ಬಂದಿದೆ ಎನ್ನುವುದು ಸಂಜೆ ಗೊತ್ತಾಯಿತು. ಚಪ್ಪಡಿ ಹಾಕಿದವರ ಕಳಪೆ ಕೆಲಸವನ್ನು ಮನೆಯ ಜಗಲಿಯಲ್ಲಿ ಕುಳಿತು ಸಾಕಷ್ಟು ಹೊತ್ತು ಬೈದೆ. ಲಾರಿಯ ಬಗ್ಗೆ ಒಂದು ಮಾತನ್ನೂ ಆಡಲಿಲ್ಲ.

ಮಲೆನಾಡಿನವರಾದ ನಾವು ತೂಕದ ವಿಷಯದಲ್ಲಿ ದಡ್ಡರಲ್ಲ. ಅಡಿಕೆ ಮಂಡಿಯಲ್ಲಿ ಮುಳ್ಳು ಒಂದು ಗೆರೆ ಆಚೀಚೆಯಾದರೂ ಕಣ್ಣು ಕಿರಿದು ಮಾಡುತ್ತೇವೆ, ಚೀಲದ ತೂಕ ಕಳೆದಿದ್ದೀರಾ ಎಂದು ಕೇಳುತ್ತೇವೆ. ಜಲ್ಲಿ, ಮರಳು, ಜಂಬಿಟ್ಟಿಗೆ, ನಾಟಾಗಳ ಮುಂದೆ ಈ ಜಾಣತನವೆಲ್ಲ ಎಲ್ಲಿಗೋ ಹೋಗುತ್ತದೆ. ಅಲ್ಲಿ ಎಲ್ಲವೂ ಕಣ್ಣಂದಾಜು.

ಈ ಅಂದಾಜು ಹೇಗೆ ನಡೆಯುತ್ತದೆ ಎಂದು ನೋಡಲು ಒಮ್ಮೆ ಶಿವಮೊಗ್ಗದ ಹೊರವಲಯದ ಒಂದು ಕ್ರಷರಿನ ಅಂಗಳದಲ್ಲಿ ಅರ್ಧ ದಿನ ನಿಂತಿದ್ದೆ. ಲೋಡರ್ ಯಂತ್ರದವನು ಬಕೆಟ್ ಎಣಿಸುತ್ತಾನೆ. ಚಾಲಕ ಕೆಳಗಿಳಿದು ಹಿಂದಿನ ಟೈರಿನ ಉಬ್ಬು ನೋಡುತ್ತಾನೆ, ಸ್ಪ್ರಿಂಗ್ ಪಟ್ಟಿಗಳ ಬಾಗು ಎಷ್ಟು ನೇರವಾಯಿತು ಎಂದು ನೋಡುತ್ತಾನೆ. ಇಪ್ಪತ್ತು ವರ್ಷ ಸ್ಟಿಯರಿಂಗ್ ಹಿಡಿದವನಿಗೆ ಇಷ್ಟೇ ಸಾಕು, ಹೆಚ್ಚಾಯಿತೋ ಇಲ್ಲವೋ ತಿಳಿಯುತ್ತದೆ. ಎಷ್ಟು ಹೆಚ್ಚಾಯಿತು ಎನ್ನುವುದು ತಿಳಿಯುವುದಿಲ್ಲ. ಬಕೆಟ್ಟಿನಲ್ಲಿ ಈ ಸಲ ಪುಡಿ ಬಂತೋ ದಪ್ಪ ಜಲ್ಲಿ ಬಂತೋ, ರಾತ್ರಿ ಮಳೆ ಬಿದ್ದಿತ್ತೋ ಇಲ್ಲವೋ, ಇವೆಲ್ಲ ಸೇರಿ ಲೆಕ್ಕ ಕೆಡಿಸುತ್ತವೆ. ಮರಳಂತೂ ಇನ್ನೂ ತರಲೆ. ಸ್ವಲ್ಪ ತೇವವಾದರೆ ಅದು ಉಬ್ಬುತ್ತದೆ, ಅಳತೆಗೆ ಹೆಚ್ಚು ಕಾಣುತ್ತದೆ, ತೂಕ ಅಷ್ಟಿರುವುದಿಲ್ಲ. ಪೂರ್ತಿ ನೆನೆದರೆ ಕುಸಿದು ಕೂರುತ್ತದೆ, ಅದೇ ಜಾಗದಲ್ಲಿ ತೂಕ ಏರುತ್ತದೆ. ಒಣ ಮರಳು 100 ಘನ ಅಡಿಗೆ ಸುಮಾರು 4.5 ಟನ್. 300 ಅಡಿ ತುಂಬಿದರೆ 13.5 ಟನ್ ಆಯಿತು. ಆರು ಚಕ್ರದ ಲಾರಿಯ ಒಟ್ಟು ಮಿತಿ 18.5 ಟನ್, ಅದರಲ್ಲಿ ಖಾಲಿ ಟಿಪ್ಪರಿನ ಸ್ವಂತ ತೂಕವನ್ನು ಕಳೆದು ನೋಡಿ. ‘ಮುನ್ನೂರು ಅಡಿ ಕಳಿಸಿ’ ಎಂದು ಫೋನಿನಲ್ಲಿ ಹೇಳುವವರು ತಮಗೆ ಅರಿವಿಲ್ಲದೆಯೇ ಅತಿಭಾರಕ್ಕೆ ಆದೇಶ ಕೊಟ್ಟಿರುತ್ತಾರೆ.

ನೀವು ಕೇಳಿದ ಸಾಧನಕ್ಕೆ ಬರುತ್ತೇನೆ. ಅದು ಒಂದೇ ಬಗೆಯದಲ್ಲ. ಸ್ಪ್ರಿಂಗಿನ ಬದಲು ಗಾಳಿಚೀಲಗಳ ಮೇಲೆ ಕೂರುವ ವಾಹನಗಳಲ್ಲಿ ಕೆಲಸ ಸುಲಭ: ಭಾರ ಏರಿದಂತೆ ಚೀಲದೊಳಗಿನ ಒತ್ತಡ ಏರುತ್ತದೆ, ಅದನ್ನು ಅಳೆದರೆ ತೂಕ ಸಿಗುತ್ತದೆ. ನಮ್ಮ ರಸ್ತೆಗಳ ಮೇಲಿನ ಬಹುಪಾಲು ಲಾರಿಗಳು ಉಕ್ಕಿನ ಸ್ಪ್ರಿಂಗ್ ಪಟ್ಟಿಯವು. ಇವುಗಳಲ್ಲಿ ಆಕ್ಸಲ್ (ಚಕ್ರಗಳನ್ನು ಜೋಡಿಸುವ ಅಡ್ಡ ಅಚ್ಚು) ಎಷ್ಟು ಬಾಗಿತು ಎಂದು ಅದಕ್ಕೆ ಅಂಟಿಸಿದ ಸಂವೇದಕ ನೋಡುತ್ತದೆ, ಅಥವಾ ಚಾಸಿಗೂ (ಲಾರಿಯ ಅಡಿಗಟ್ಟು) ಆಕ್ಸಲ್ಲಿಗೂ ನಡುವಿನ ಅಂತರ ಎಷ್ಟು ತಗ್ಗಿತು ಎಂದು ಒಂದು ಸಣ್ಣ ಕೋಲು ಅಳೆಯುತ್ತದೆ. ಪಟ್ಟಿ ಪಟ್ಟಿಯ ನಡುವೆ ಉಜ್ಜಾಟವಿರುವುದರಿಂದ ಒಂದೇ ಭಾರಕ್ಕೆ ಗುಂಡಿ ಹಾರುವ ಮೊದಲು ಒಂದು ಅಂಕಿ, ಹಾರಿದ ಮೇಲೆ ಇನ್ನೊಂದು ಅಂಕಿ ಬರಬಹುದು. ಮೂರನೆಯದು ಬಾಡಿಗೂ ಚಾಸಿಗೂ ನಡುವೆ ಲೋಡ್ ಸೆಲ್, ಅಂದರೆ ಮೇಲೆ ಬಿದ್ದ ಭಾರವನ್ನು ನೇರವಾಗಿ ಅಳೆಯುವ ಸಂವೇದಕ, ಇಡುವುದು. ನಿಖರತೆಯಲ್ಲಿ ಇದೇ ಮೇಲು, ದುಬಾರಿಯೂ ಇದೇ. ಯಾವುದನ್ನೇ ಹಾಕಿಸಿದರೂ ಮೊದಲು ಮುದ್ರೆಯಿರುವ ವೇಬ್ರಿಡ್ಜಿಗೆ (ಇಡೀ ಲಾರಿಯನ್ನು ತೂಗುವ ನೆಲದ ತಕ್ಕಡಿ) ಹೋಗಿ ಖಾಲಿ ಒಮ್ಮೆ, ತುಂಬಿ ಒಮ್ಮೆ ತೂಗಿಸಿ ಅದಕ್ಕೆ ಪಾಠ ಹೇಳಬೇಕು. ಆಮೇಲೆ ಮಾಲೀಕರು ಗುಟ್ಟಾಗಿ ಎರಡು ಪಟ್ಟಿ ಹೆಚ್ಚಿಗೆ ಸೇರಿಸಿದರೋ, ಅಂತರ ಅಳೆಯುವ ಸಾಧನ ಪಾಠ ಮರೆತಂತೆಯೇ. ಗಟ್ಟಿಯಾದ ಸ್ಪ್ರಿಂಗ್ ಕಡಿಮೆ ಬಾಗುತ್ತದೆ, ತೂಕ ಕಡಿಮೆ ತೋರಿಸುತ್ತದೆ. ಪಟ್ಟಿ ಸೇರಿಸುವ ಅಭ್ಯಾಸ ಎಷ್ಟು ಸಾಮಾನ್ಯ ಎನ್ನುವುದು ಯಾವ ಗ್ಯಾರೇಜಿನ ಮುಂದೆ ನಿಂತರೂ ನಿಮಗೆ ಕಾಣುತ್ತದೆ.

ಈಗ ಇಂಜಿನ್ ನಿಲ್ಲಿಸುವ ಮಾತು. ಈ ಸಾಧನಗಳು ಸಮತಟ್ಟಾದ ನೆಲದಲ್ಲಿ ನಂಬಿಕಸ್ಥರು, ಏರುತಗ್ಗಿನಲ್ಲಿ ಅಲ್ಲ. ಏರಿನಲ್ಲಿ ನಿಂತ ಲಾರಿಯ ಭಾರ ಹಿಂದಿನ ಆಕ್ಸಲ್ಲಿಗೆ ಜಾರುತ್ತದೆ, ಇಳಿಜಾರಿನಲ್ಲಿ ಮುಂದಕ್ಕೆ. ನಮ್ಮ ಕಡೆ ಸಮತಟ್ಟಾದ ನೆಲವನ್ನು ಹುಡುಕಿಕೊಂಡು ಹೋಗಬೇಕು! ಬೆಳಿಗ್ಗೆ ಮಿತಿಯೊಳಗೆ ತುಂಬಿದ ನಾಟಾ ಅಥವಾ ಮರಳು ದಾರಿಯಲ್ಲಿ ಜಡಿಮಳೆಗೆ ನೆನೆದರೆ ಸಂಜೆ ಮಿತಿಯಾಚೆ ಹೋಗಬಹುದು. ಹುಲಿಕಲ್ ಘಾಟಿಯ ತಿರುವಿನಲ್ಲಿ ವಾಹನ ಸಾಲು ನಿಂತು, ಚಾಲಕ ಇಂಜಿನ್ ಆರಿಸಿ, ಮತ್ತೆ ಚಾಲೂ ಮಾಡಲು ಹೋದಾಗ ಯಂತ್ರ ‘ಆಗುವುದಿಲ್ಲ’ ಎಂದರೆ? ಹಿಂದೆ ಆಂಬುಲೆನ್ಸ್ ಇದ್ದರೆ? ನಿಮ್ಮ ಉಪಾಯ ಕ್ರಷರಿನ ಅಂಗಳದೊಳಗೆ ಸರಿ, ಗೇಟು ದಾಟಿದ ಮೇಲೆ ಅಪಾಯ.

ಹಾಗಾದರೆ ಅತಿಭಾರವನ್ನು ಸಹಿಸಿಕೊಳ್ಳಬೇಕೆ ಎಂದು ಸಿಟ್ಟಾಗಬೇಡಿ. ಅದು ಮಾಡುವ ಹಾನಿ ನೀವು ಬರೆದದ್ದಕ್ಕಿಂತ ದೊಡ್ಡದು. 1958ರಿಂದ 1960ರವರೆಗೆ ಅಮೆರಿಕದ ಇಲಿನಾಯ್ ರಾಜ್ಯದಲ್ಲಿ ಪ್ರಯೋಗಕ್ಕೆಂದೇ ರಸ್ತೆ ಹಾಕಿ, ಹಗಲು ರಾತ್ರಿ ಲಾರಿ ಓಡಿಸಿ ನೋಡಿದರು. ರಸ್ತೆಗೆ ಆಗುವ ಪೆಟ್ಟು ಆಕ್ಸಲ್ ಭಾರದ ಹೆಚ್ಚುಕಡಿಮೆ ನಾಲ್ಕನೇ ಘಾತದಂತೆ ಏರುತ್ತದೆ, ಅಂದರೆ ಭಾರ ಎರಡು ಪಟ್ಟಾದರೆ ಪೆಟ್ಟು ಹದಿನಾರು ಪಟ್ಟಾಗುತ್ತದೆ ಎನ್ನುವುದು ಅಲ್ಲಿ ಹೊರಬಿದ್ದ ಲೆಕ್ಕ. ನಮ್ಮಲ್ಲಿ ನಾಲ್ಕು ಟೈರಿನ ಒಂಟಿ ಆಕ್ಸಲ್ಲಿನ ಮಿತಿಯನ್ನು 2018ರಲ್ಲಿ ಕೇಂದ್ರ ಸರ್ಕಾರ 10.2ರಿಂದ 11.5 ಟನ್ನಿಗೆ ಏರಿಸಿತು. ಆ ಏರಿಸಿದ ಮಿತಿಯನ್ನೂ ಮೀರಿ 15 ಟನ್ ಹೇರಿದರೆ ಪೆಟ್ಟು ಸುಮಾರು 2.9 ಪಟ್ಟು. ‘ನಾಲ್ಕು ಟ್ರಿಪ್ಪಿನ ಸರಕನ್ನು ಮೂರರಲ್ಲೇ ಮುಗಿಸುತ್ತೇವೆ, ರಸ್ತೆಗೂ ಒಂದು ಟ್ರಿಪ್ ಉಳಿಯಿತಲ್ಲ’ ಎನ್ನುವವರಿದ್ದಾರೆ. ಲೆಕ್ಕ ಹಾಕಿ: ನಾಲ್ಕು ನ್ಯಾಯವಾದ ಟ್ರಿಪ್ಪಿನ ಪೆಟ್ಟು ನಾಲ್ಕು ಎಂದಾದರೆ, ಮೂರು ಅತಿಭಾರದ ಟ್ರಿಪ್ಪಿನದು 8.7. ಇದು ಒಣ ರಸ್ತೆಯ ಲೆಕ್ಕ. ಜುಲೈ ತಿಂಗಳಿನಲ್ಲಿ ಅಡಿಪಾಯವೆಲ್ಲ ನೀರು ಕುಡಿದು ಮೆತ್ತಗಾದ ನಿಮ್ಮೂರಿನ ರಸ್ತೆಯ ಗತಿ ನಿಮಗೇ ಗೊತ್ತು.

ಇಳಿಜಾರಿನ ಕಥೆ ಬೇರೆ. ಹೆಚ್ಚುವರಿ ಒಂದು ಟನ್ ಭಾರ 500 ಮೀಟರ್ ಎತ್ತರದಿಂದ ಕೆಳಗಿಳಿಯುವಾಗ ಹೊರಬೀಳುವ ಶಕ್ತಿಯಿಂದ ಒಂದು ಕೊಡಪಾನ, ಅಂದರೆ ಹದಿನೈದು ಲೀಟರ್ ನೀರನ್ನು ಕುದಿಸಬಹುದು. ಸ್ವಲ್ಪವನ್ನು ಇಂಜಿನ್ ತಡೆದುಕೊಳ್ಳುತ್ತದೆ, ಚಾಲಕ ಸಣ್ಣ ಗೇರಿನಲ್ಲಿ ಇಳಿದರೆ. ಉಳಿದದ್ದೆಲ್ಲ ಬ್ರೇಕ್ ಡ್ರಮ್ಮಿನ ಪಾಲು. ಐದು ಟನ್ ಹೆಚ್ಚಿದ್ದರೆ ಐದು ಕೊಡಪಾನ, ಅದೂ ನ್ಯಾಯವಾದ ಭಾರದ ಬಿಸಿಯ ಮೇಲೆ. ಕಾದ ಡ್ರಮ್ಮಿನಲ್ಲಿ ಬ್ರೇಕ್ ಹಿಡಿತ ಸಡಿಲವಾಗುತ್ತದೆ. ನಿಮ್ಮ ಬೇಲಿಯ ಬಳಿ ಕಾಲು ಮುರಿದುಕೊಂಡ ಆ ಚಾಲಕನಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ವಾಸನೆಯಿಂದಲೇ ತಿಳಿದಿರುತ್ತದೆ.

ಕಾನೂನಿಗೆ ಹಲ್ಲಿಲ್ಲ ಎಂದು ನಿಮಗೆ ಅನ್ನಿಸಬಹುದು. ಹಲ್ಲಿದೆ. ಮೋಟಾರು ವಾಹನ ಕಾಯ್ದೆಯ 194ನೇ ಕಲಂನಂತೆ, 2019ರ ತಿದ್ದುಪಡಿಯ ನಂತರ, ಅತಿಭಾರಕ್ಕೆ 20,000 ರೂಪಾಯಿ, ಮೇಲಿನ ಪ್ರತಿ ಟನ್ನಿಗೆ 2,000 ರೂಪಾಯಿ ದಂಡ. ಐದು ಟನ್ ಹೆಚ್ಚಿದ್ದರೆ 30,000. ಇಳಿಸುವ ಖರ್ಚು ಬೇರೆ. ತೂಕಕ್ಕೆ ನಿಲ್ಲಿಸದೆ ಹೋದರೆ 40,000. ದಂಡ ಕಟ್ಟಿಸಿಕೊಂಡು ಅದೇ ಭಾರದೊಂದಿಗೆ ಲಾರಿಯನ್ನು ಮುಂದೆ ಬಿಡುವಂತಿಲ್ಲ, ಹೆಚ್ಚಿನದನ್ನು ಇಳಿಸಲೇಬೇಕು ಎಂದು ಸುಪ್ರೀಂ ಕೋರ್ಟ್ 2005ರಲ್ಲಿಯೇ ಹೇಳಿದೆ. ಓಡಿಸಿದವನಷ್ಟೇ ಅಲ್ಲ, ಓಡಿಸಲು ಕಾರಣನಾದವನೂ ಓಡಿಸಲು ಬಿಟ್ಟವನೂ ಕಲಂನೊಳಗೆ ಬರುತ್ತಾರೆ.

ತೊಡಕಿರುವುದು 114ನೇ ಕಲಂನಲ್ಲಿ. ಅನುಮಾನ ಬಂದ ಅಧಿಕಾರಿ ಲಾರಿಯನ್ನು ತೂಗಿಸಬಹುದು, ಆದರೆ ತೂಕದ ಸಾಧನ ಮುಂದಿನ ದಾರಿಯಿಂದ 10 ಕಿಲೋಮೀಟರಿನೊಳಗೆ ಅಥವಾ ತಲುಪುವ ಊರಿನಿಂದ 20 ಕಿಲೋಮೀಟರಿನೊಳಗೆ ಇರಬೇಕು. ಹೊಸನಗರ, ಆಗುಂಬೆ ಕಡೆಯ ಕಾಡುದಾರಿಗಳಲ್ಲಿ ಎಷ್ಟು ವೇಬ್ರಿಡ್ಜ್ ಕಂಡಿದ್ದೀರಿ? ಸಿಕ್ಕರೂ, ಮಳೆಯಲ್ಲಿ ರಸ್ತೆ ಬದಿಗೆ ಐದು ಟನ್ ಜಲ್ಲಿ ಇಳಿಸಲು ಹಮಾಲಿಗಳನ್ನು ಎಲ್ಲಿಂದ ತರುವುದು? ಆ ಹೊತ್ತಿಗೆ ತೂಕ ಎನ್ನುವುದು ತಿದ್ದಬಹುದಾದ ಅಂಕಿಯಾಗಿ ಉಳಿದಿರುವುದಿಲ್ಲ. ದಂಡವಾಗುತ್ತದೆ, ಇಲ್ಲವೇ ಕಿಸೆಯಿಂದ ಕಿಸೆಗೆ ಹೋಗುವ ನೋಟಾಗುತ್ತದೆ. ತುಂಬುವ ಜಾಗದಲ್ಲಾದರೆ ಅದೇ ಐದು ಟನ್ನನ್ನು ಲೋಡರ್ ಯಂತ್ರ ಕೆಲವೇ ನಿಮಿಷದಲ್ಲಿ ವಾಪಸ್ ತೆಗೆಯುತ್ತದೆ. ಲಾರಿಯ ಮೇಲಿನ ತಕ್ಕಡಿಯ ಬೆಲೆಯೆಲ್ಲ ಆ ಕೆಲವು ನಿಮಿಷಗಳಲ್ಲಿದೆ ಎಂದು ನನ್ನ ಅಭಿಪ್ರಾಯ.

ಇನ್ನೊಂದು ಪ್ರಯೋಜನ ನನಗೆ ಇದಕ್ಕಿಂತಲೂ ಮುಖ್ಯವಾಗಿ ಕಾಣುತ್ತದೆ. ಕ್ರಷರಿನಲ್ಲಿ ಆ ದಿನ ಒಬ್ಬ ಚಾಲಕರನ್ನು ‘ಹೆಚ್ಚಾಯಿತು ಎಂದು ಗೊತ್ತಿದ್ದೂ ಏಕೆ ಹೊರಡುತ್ತೀರಿ?’ ಎಂದು ಕೇಳಿದೆ. ‘ಹೆಚ್ಚಾಯಿತು ಎಂದು ನಾನು ಹೇಳಿದರೆ ಮಾಲೀಕರು ಇಲ್ಲ ಎನ್ನುತ್ತಾರೆ. ಅವರ ಮಾತಿಗೆ ನನ್ನ ಮಾತು ಎದುರು ನಿಲ್ಲುತ್ತದೆಯೇ?’ ಎಂದರು. ಕ್ಯಾಬಿನ್ನಿನಲ್ಲಿ ಒಂದು ಅಂಕಿ ಬೆಳಗುತ್ತಿದ್ದರೆ, ಅದೇ ಅಂಕಿ ಅದೇ ಕ್ಷಣಕ್ಕೆ ಮಾಲೀಕರ ಮೊಬೈಲಿಗೂ ಹೋಗಿ ದಾಖಲಾಗಿದ್ದರೆ, ‘ನನಗೆ ತಿಳಿದಿರಲಿಲ್ಲ’ ಎನ್ನುವ ಆಟ ಮುಗಿಯಿತು. ಸಾಧನವನ್ನು ಚಾಲಕನ ಮೇಲಿನ ಕಾವಲುಗಾರ ಎಂದು ಮಾರುತ್ತಾರೆ. ಅದು ಅವನ ಪರವಾದ ಸಾಕ್ಷಿಯಾಗಬೇಕು. ಮಾಲೀಕರಿಗೂ ನಷ್ಟವೇನಿಲ್ಲ: ಒಟ್ಟು ತೂಕ ಸರಿಯಿದ್ದೂ ಹಿಂದಿನ ಆಕ್ಸಲ್ ಮಾತ್ರ ಮಿತಿ ಮೀರುವುದು ನಾಟಾ ಲೋಡಿನಲ್ಲಿ ಆಗುತ್ತಿರುತ್ತದೆ, ಎರಡು ದಿಮ್ಮಿಗಳನ್ನು ಮುಂದಕ್ಕೆ ಸರಿಸಿದರೆ ಟೈರು ಉಳಿಯುತ್ತದೆ.

ಯುರೋಪಿನ ಒಕ್ಕೂಟ 2015ರಲ್ಲಿ ತನ್ನ ದೇಶಗಳಿಗೆ ಎರಡು ದಾರಿ ಕೊಟ್ಟಿತು: ರಸ್ತೆಯಲ್ಲೇ ಹುದುಗಿಸಿ ಓಡುವ ಲಾರಿಯನ್ನು ತೂಗುವ ಯಂತ್ರ, ಅಥವಾ ಲಾರಿಯೊಳಗಿನ ತಕ್ಕಡಿ. ಎರಡರಲ್ಲೂ ಉದ್ದೇಶ ಅನುಮಾನದ ಲಾರಿಯನ್ನು ಗುರುತಿಸುವುದು. ಆಸ್ಟ್ರೇಲಿಯಾದವರು ಇನ್ನೊಂದು ಹೆಜ್ಜೆ ಮುಂದೆ ಹೋಗಿ, ತುಂಬಿದವರು, ಕಳಿಸಿದವರು, ತರಿಸಿಕೊಂಡವರು ಎಲ್ಲರನ್ನೂ ಹೊಣೆಯ ಸರಪಳಿಗೆ ಕಟ್ಟಿದ್ದಾರೆ. ನನಗೆ ಹಿಡಿಸಿದ್ದು ಈ ಸರಪಳಿ. ಅದು ಇಲ್ಲಿದ್ದಿದ್ದರೆ ನನ್ನ ಕಾಂಪೌಂಡಿನ ದಿನ ನಾನೂ ಅದರೊಳಗಿರುತ್ತಿದ್ದೆ.

ನಿಮ್ಮ ರಸ್ತೆಗೆ ಈಗಲೇ ಏನು ಮಾಡಬಹುದು? ಲಾರಿಗಳಿಗೆಲ್ಲ ಸಾಧನ ಬರುವವರೆಗೆ ಕಾಯಬೇಡಿ. ಟಿಪ್ಪರ್ ಬಾಡಿಯ ಒಳಗೋಡೆಗೆ ಜಲ್ಲಿಗೊಂದು, ಮರಳಿಗೊಂದು ಗೆರೆ ಬಳಿಯಲು ಒಂದು ಡಬ್ಬಿ ಬಣ್ಣ ಸಾಕು. ಇದನ್ನು ಕ್ರಷರಿನವರಿಗೆ ಹೇಳಿಸಬಹುದು. ನಿಮ್ಮ ರಸ್ತೆಯ ಮೋರಿಗಳು ಎಷ್ಟು ಭಾರಕ್ಕೆ ಕಟ್ಟಿದವು ಎಂದು ಪಂಚಾಯತ್ ರಾಜ್ ಎಂಜಿನಿಯರಿಂಗ್ ವಿಭಾಗಕ್ಕೆ ಲಿಖಿತವಾಗಿ ಕೇಳಿ, ಉತ್ತರ ಬಂದರೆ ಅದನ್ನೇ ಫಲಕವಾಗಿ ಹಾಕಿಸಿ. ಎಲ್ಲಕ್ಕಿಂತ ಮೊದಲು, ನಿಮ್ಮ ಕೇರಿಯಲ್ಲಿ ಈ ಬೇಸಿಗೆಗೆ ಮನೆ ಕಟ್ಟಿಸುವವರು ಯಾರಿದ್ದಾರೆ ನೋಡಿ. ಅವರು ‘ಲೋಡಿಗೆ ಇಷ್ಟು’ ಎನ್ನುವುದನ್ನು ಬಿಟ್ಟು ‘ಟನ್ನಿಗೆ ಇಷ್ಟು, ವೇಬ್ರಿಡ್ಜ್ ಚೀಟಿ ತನ್ನಿ’ ಎಂದರೆ ಗುಡ್ಡೆ ಹೇರುವ ಅರ್ಧ ಆಸೆ ಅಲ್ಲಿಯೇ ಸಾಯುತ್ತದೆ. ಆ ಮನೆಗಳಲ್ಲಿ ನಿಮ್ಮದೂ ಒಂದಿದೆಯೋ ಏನೋ, ಪತ್ರದಲ್ಲಿ ಬರೆದಿಲ್ಲ.

ನಮ್ಮ ಕಚೇರಿಯ ಹಿಂದಿನ ಅಂಗಳಕ್ಕೆ ಮುಂದಿನ ತಿಂಗಳು ಜಲ್ಲಿ ಬರಬೇಕಿದೆ. ಎರಡು ಲೋಡೆಂದು ಮಾತಾಗಿದ್ದನ್ನು ಮೂರು ಮಾಡಿ, ಪ್ರತಿಯೊಂದಕ್ಕೂ ಚೀಟಿ ಕೇಳಿದ್ದೇನೆ. ಬಾಡಿಗೆ ಹೆಚ್ಚಾಯಿತೆಂದು ನಮ್ಮ ವ್ಯವಸ್ಥಾಪಕರು ಎರಡು ದಿನದಿಂದ ನನ್ನೊಂದಿಗೆ ಸರಿಯಾಗಿ ಮಾತನಾಡುತ್ತಿಲ್ಲ.

– ಸಂಪಾದಕ