ನಿದ್ದೆ ಬಾರದ್ದು ಬೇರೆ, ನಿದ್ದೆ ಬೇಡವಾದದ್ದು ಬೇರೆ

ಬನಹಟ್ಟಿಯ ಓದುಗರೊಬ್ಬರು ಬರೆದಿದ್ದಾರೆ: ‘ತಮ್ಮನಿಗೆ ಬೈಪೋಲಾರ್ ಇದೆ ಎಂದು ಡಾಕ್ಟರು ಹೇಳಿ ಎರಡು ವರ್ಷವಾಯಿತು. ಲಿಥಿಯಂ ಗುಳಿಗೆ ನಡೆದಿದೆ. ಹೋದ ಚಳಿಗಾಲದಲ್ಲಿ ಹಗಲೂ ಮಲಗಿರುತ್ತಿದ್ದ, ಅವ್ವ ಮೈಗಳ್ಳ ಅಂದಳು. ಈಗ ಪವರ್‌ಲೂಮಿನ ರಾತ್ರಿ ಪಾಳಿ. ಮೂರು ತಾಸು ಮಲಗಿ ಹುರುಪಿನಿಂದ ಏಳುತ್ತಾನೆ. ಮನೆಯವರಿಗೆಲ್ಲ ಖುಷಿ, ನನಗೆ ಮಾತ್ರ ಅಂಜಿಕೆ. ಒಂದು ನಿದ್ದೆ ಗುಳಿಗೆ ತಂದುಕೊಟ್ಟರೆ ಸಾಲದೇ?’

ಅಕ್ಕಾ, ನಿಮ್ಮ ಅಂಜಿಕೆ ಖರೆ. ಮುಂದಿನ ತಪಾಸಣೆಯ ತಾರೀಖಿಗೆ ಕಾಯಬೇಡಿ, ನಾಳೆಯೇ ಅವನ ಡಾಕ್ಟರಿಗೆ ತಿಳಿಸಿ.

ಬೈಪೋಲಾರ್ ಅಂದರೆ ಮನಸ್ಸು ಒಮ್ಮೆ ಖಿನ್ನತೆಗೆ ಕುಸಿಯುವ, ಒಮ್ಮೆ ಉನ್ಮಾದಕ್ಕೆ, ಅಂದರೆ ಮಿತಿಮೀರಿದ ಹುರುಪಿಗೆ ಏರುವ ಕಾಯಿಲೆ. ಈ ಏರಿಳಿತ ತಡೆಯುವ ಔಷಧಿ ಲಿಥಿಯಂ. ಖಿನ್ನತೆಯಲ್ಲಿ ಕೆಲವರಿಗೆ ನಸುಕಿನ ಮೂರಕ್ಕೇ ಎಚ್ಚರವಾಗುತ್ತದೆ, ಮತ್ತೆ ಕಣ್ಣು ಹತ್ತುವುದಿಲ್ಲ. ಬೆಳಗಾದರೆ ಮೈ ಹಿಂಡಿ ಹಾಕಿದಂತಿರುತ್ತದೆ. ಇನ್ನು ಕೆಲವರು ಹತ್ತು ಹನ್ನೆರಡು ತಾಸು ಮಲಗಿದರೂ ದಣಿವು ಹೋಗದು. ಚಳಿಗಾಲದಲ್ಲಿ ನಿಮ್ಮ ತಮ್ಮನಿಗೆ ಆದದ್ದು ಇದೇ ಇರಬೇಕು. ಅದು ಮೈಗಳ್ಳತನವಲ್ಲ, ಅವ್ವನಿಗೆ ದಯವಿಟ್ಟು ಹೇಳಿ. ಉನ್ಮಾದ ಏರುವಾಗಿನ ಕತೆಯೇ ಬೇರೆ. ನಿದ್ದೆ ಬರುವುದಿಲ್ಲ ಎಂದು ಆಗ ಯಾರೂ ಗೋಳಿಡುವುದಿಲ್ಲ, ನಿದ್ದೆ ಬೇಕೆಂದೇ ಅನಿಸುವುದಿಲ್ಲ. ಹಾಗಾಗಿ ಎಷ್ಟು ತಾಸು ಮಲಗಿದ ಎಂಬುದರ ಜೊತೆಗೆ ಮರುದಿನ ಹೇಗಿದ್ದ ಎಂಬುದನ್ನೂ ನೋಡಬೇಕು.

ಇದೇ ಕಾಯಿಲೆಯಿದ್ದ ವಿಜಯಪುರದ ನನ್ನ ಸೋದರಮಾವ ಒಮ್ಮೆ ರಾತ್ರಿ ಎರಡಕ್ಕೆ ಎದ್ದು, ಅಟ್ಟದ ಮೇಲಿನ ತಾಮ್ರದ ಹಂಡೆ, ಕೊಡಗಳನ್ನೆಲ್ಲ ಅಂಗಳಕ್ಕಿಳಿಸಿ ಹುಣಸೆಹಣ್ಣು ಹಚ್ಚಿ ತಿಕ್ಕತೊಡಗಿದರು. ಬೆಳಗ್ಗೆ ಅವು ಥಳಥಳ ಹೊಳೆಯುತ್ತಿದ್ದವು. ಮಾವ ಸುಧಾರಿಸಿದರು ಎಂದು ನಾವೆಲ್ಲ ಹಿಗ್ಗಿದೆವು. ಒಂದು ವಾರ ಕಳೆಯುವುದರೊಳಗೆ ಹೊಲದ ಕಾಗದ ಹಿಡಿದು ಸಾಲಕ್ಕೆ ಹೊರಟಿದ್ದರು. ಆ ಹಿಗ್ಗು ಇವತ್ತಿಗೂ ನನ್ನನ್ನು ಚುಚ್ಚುತ್ತದೆ.

ನಿದ್ದೆಗೆಡುವುದು ಉನ್ಮಾದದ ಮುನ್ಸೂಚನೆಯೂ ಹೌದು, ಎಷ್ಟೋ ಸಲ ಅದನ್ನು ಕೆರಳಿಸುವ ಕಾರಣವೂ ಹೌದು. ಆದ್ದರಿಂದ ನಿಮ್ಮ ತಮ್ಮನಿಗೆ ರಾತ್ರಿ ಪಾಳಿ ತರವಲ್ಲ. ನೇಯ್ದಷ್ಟೇ ಕೂಲಿ ಎಂಬ ಲೆಕ್ಕದಲ್ಲಿ ಬದುಕುವ ಮನೆಗೆ ಇದು ಹಗುರ ಮಾತಲ್ಲ, ಬಲ್ಲೆ. ಆದರೂ ಮಾಲೀಕರ ಹತ್ತಿರ ಹಗಲು ಪಾಳಿ ಕೇಳಿ, ಬೇಕಾದರೆ ಡಾಕ್ಟರ ಚೀಟಿ ತೋರಿಸಿ. ಮಲಗುವ ಹೊತ್ತು ಒಮ್ಮೊಮ್ಮೆ ತಪ್ಪಿದರೂ ಏಳುವ ಹೊತ್ತು ಒಂದೇ ಇರಲಿ, ಹಬ್ಬವಿರಲಿ, ರಜೆಯಿರಲಿ. ಸಂಜೆಯ ಮೇಲೆ ಚಹಾ ಬೇಡ. ಕುಡಿತವಂತೂ ಬೇಡವೇ ಬೇಡ.

ನಿದ್ದೆ ಗುಳಿಗೆ? ಡಾಕ್ಟರು ಕೆಲ ದಿನದ ಮಟ್ಟಿಗೆ ಬರೆದುಕೊಡಬಹುದು. ಅದರಿಂದ ಕಣ್ಣು ಮುಚ್ಚೀತು, ಆದರೆ ಲಿಥಿಯಂ ಮಾಡುವ ಕೆಲಸ ಅದರಿಂದ ಆಗದು. ಮೆಡಿಕಲ್ ಶಾಪಿನಿಂದ ನೀವೇ ತಂದು ಕೊಡಬೇಡಿ. ಚಳಿಗಾಲದ ಖಿನ್ನತೆಯ ಗುಳಿಗೆಗಳು ಮನೆಯಲ್ಲಿ ಉಳಿದಿದ್ದರೆ ಅವನ್ನೂ ಕೊಡಬೇಡಿ, ಬೈಪೋಲಾರ್ ಇದ್ದವರಲ್ಲಿ ಅವು ಉನ್ಮಾದವನ್ನು ಎಬ್ಬಿಸಬಹುದು. ಲಿಥಿಯಂ ತಾನಾಗಿ ನಿಲ್ಲಿಸಬಾರದು, ರಕ್ತ ಪರೀಕ್ಷೆ ತಪ್ಪಿಸಬಾರದು. ನಮ್ಮ ಬೇಸಿಗೆಯಲ್ಲಿ ಬೆವರಿ ನೀರು ಕಡಿಮೆಯಾದರೆ ರಕ್ತದಲ್ಲಿ ಲಿಥಿಯಂ ಪ್ರಮಾಣ ಏರುತ್ತದೆ. ಐಬುಪ್ರೊಫೆನ್‌ನಂಥ ನೋವಿನ ಗುಳಿಗೆಯಿಂದಲೂ ಏರಬಹುದು. ಕೈ ವಿಪರೀತ ನಡುಗಿದರೆ, ವಾಂತಿ ಭೇದಿಯಾದರೆ ಕೂಡಲೇ ಡಾಕ್ಟರಲ್ಲಿಗೆ ಹೋಗಿ.

ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ನಿಮಗೆ ದೂರವೆನಿಸಿದರೆ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರನ್ನು ಕಾಣಿ. ನಡುರಾತ್ರಿ ಏನೂ ತೋಚದಿದ್ದರೆ 14416ಕ್ಕೆ ಫೋನ್ ಮಾಡಿ. ಅದು ಟೆಲಿ ಮಾನಸ್, ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ.

ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರ್ ಗೋಡೆಗೆ ಇದ್ದೇ ಇರುತ್ತದಲ್ಲ, ಅದರಲ್ಲಿ ಆಯಾ ತಾರೀಖಿನ ಚೌಕದಲ್ಲೇ ತಮ್ಮ ಮಲಗಿದ ಹೊತ್ತು, ಎದ್ದ ಹೊತ್ತನ್ನೂ ಇವತ್ತಿನಿಂದಲೇ ಬರೆಯಿರಿ. ಅವನ ಕೈಯಿಂದಲೇ ಬರೆಸಿದರೆ ಇನ್ನೂ ಒಳ್ಳೆಯದು. ಆಸ್ಪತ್ರೆಗೆ ಹೋಗುವಾಗ ಆ ಹಾಳೆ ಹರಿದುಕೊಂಡು ಹೋಗಿ.