ಹರ್ಪಿಸ್ ಪಿಸಿಆರ್ ನೆಗೆಟಿವ್ ಬಂದ ಮೇಲೂ ಮಗುವಿಗೆ ಅಸೈಕ್ಲೊವಿರ್ ಏಕೆ ಮುಂದುವರಿಸುತ್ತಾರೆ?

ನಿಮ್ಮ ಅಕ್ಕನ ನಾಲ್ಕು ವರ್ಷದ ಮಗಳಿಗೆ ಜ್ವರ ಬಂದ ಮರುದಿನವೇ ಮಂಪರು ಕವಿದು, ಬಲಗೈ ಬಲಗಾಲಿಗೆ ಮಾತ್ರ ಫಿಟ್ಸ್ ಬಂತೆಂದೂ, ಆ ದಿನವೇ ಬೆನ್ನಿನಿಂದ ತೆಗೆದ ದ್ರವದಲ್ಲಿ ಹರ್ಪಿಸ್ ಪಿಸಿಆರ್ (ಆ ವೈರಸ್‌ನ ವಂಶವಾಹಿ ಅಂಶವನ್ನು ಹುಡುಕುವ ಪರೀಕ್ಷೆ) ನೆಗೆಟಿವ್ ಬಂದರೂ ವೈದ್ಯರು ಅಸೈಕ್ಲೊವಿರ್ (ಆ ವೈರಸ್‌ಗೆ ಕೊಡುವ ಔಷಧ) ನಿಲ್ಲಿಸಿಲ್ಲವೆಂದೂ ಬರೆದಿದ್ದೀರಿ. ಅವರಿಗಿರುವ ಅನುಮಾನ ಹರ್ಪಿಸ್ ವೈರಸ್ ಮಿದುಳಿಗೆ ತಗಲಿ ಬರುವ ಉರಿಯೂತದ್ದು. ನಾನು ಮಕ್ಕಳ ವೈದ್ಯ. ಮಗುವನ್ನು ಕಣ್ಣಾರೆ ನೋಡದೆ ತೀರ್ಪು ಕೊಡಲಾರೆ. ಆದರೆ ನೀವು ಬರೆದಷ್ಟನ್ನು ನೋಡಿದರೆ, ಅವರ ಜಾಗದಲ್ಲಿ ನಾನಿದ್ದರೂ ನಿಲ್ಲಿಸುತ್ತಿರಲಿಲ್ಲ.

ಪಿಸಿಆರ್ ಒಳ್ಳೆಯ ಪರೀಕ್ಷೆಯೇ. ಆದರೆ ಕಾಯಿಲೆ ಶುರುವಾದ ಮೊದಲ ಮೂರು ದಿನಗಳಲ್ಲಿ, ಅದರಲ್ಲೂ ಮಕ್ಕಳಲ್ಲಿ, ವೈರಸ್ ಇದ್ದರೂ ಅದು ನೆಗೆಟಿವ್ ತೋರಿಸುವುದುಂಟು. ಆರಂಭದಲ್ಲಿ ಆ ದ್ರವದಲ್ಲಿ ಬಿಳಿ ರಕ್ತಕಣಗಳು ಹೆಚ್ಚಿಲ್ಲದಿರುವುದನ್ನೂ ಕಾಣುತ್ತೇವೆ. ಆದ್ದರಿಂದ ಲಕ್ಷಣಗಳು ಬಲವಾಗಿದ್ದಾಗ ಔಷಧವನ್ನು ಮುಂದುವರಿಸುತ್ತಲೇ, ಮೂರರಿಂದ ಏಳು ದಿನಗಳೊಳಗೆ ಮತ್ತೊಮ್ಮೆ ಬೆನ್ನಿನ ದ್ರವ ತೆಗೆದು ನೋಡುವುದು ವಾಡಿಕೆ. ಈ ನಡುವೆ ಎಂಆರ್‌ಐ ಬಹಳ ನೆರವಾಗುತ್ತದೆ. ದೊಡ್ಡವರಲ್ಲಿ ಈ ಸೋಂಕು ಸಾಮಾನ್ಯವಾಗಿ ಕಿವಿಯ ಮೇಲ್ಭಾಗದ ಟೆಂಪೊರಲ್ ಹಾಲೆಯಲ್ಲಿ ಕಾಣಿಸುತ್ತದೆ. ಚಿಕ್ಕ ಮಕ್ಕಳಲ್ಲಿ ಅದು ಮಿದುಳಿನ ಬೇರೆ ಭಾಗಗಳಲ್ಲೂ ಹರಡಿರಬಹುದು. ಸಿಟಿ ಸ್ಕ್ಯಾನ್ ಮೊದಲ ದಿನಗಳಲ್ಲಿ ಸಹಜವಾಗಿಯೇ ಕಾಣಬಹುದಾದ್ದರಿಂದ ಅದೊಂದನ್ನೇ ನಂಬಿ ಕೂರುವಂತಿಲ್ಲ.

ಇಷ್ಟು ಆತುರವೇಕೆಂದರೆ, ಚಿಕಿತ್ಸೆಯಿಲ್ಲದಿದ್ದರೆ ಈ ಕಾಯಿಲೆಯಲ್ಲಿ ನೂರರಲ್ಲಿ ಸುಮಾರು 70 ಮಂದಿ ಸಾಯುತ್ತಾರೆ. ಬದುಕಿದವರಲ್ಲೂ ಮಾತು, ನೆನಪು, ನಡವಳಿಕೆಗಳಿಗೆ ಎಷ್ಟು ಪೆಟ್ಟಾಗುತ್ತದೆ ಎಂಬುದು ಔಷಧ ಎಷ್ಟು ಬೇಗ ಶುರುವಾಯಿತು ಎಂಬುದನ್ನು ಬಹಳವಾಗಿ ಅವಲಂಬಿಸಿದೆ.

ಔಷಧವನ್ನು ರಕ್ತನಾಳದ ಮೂಲಕವೇ, ಎಂಟು ಗಂಟೆಗೊಮ್ಮೆ, ಈ ವಯಸ್ಸಿನಲ್ಲಿ ಸಾಮಾನ್ಯವಾಗಿ ಪ್ರತಿ ಕಿಲೋ ತೂಕಕ್ಕೆ 10ರಿಂದ 15 ಮಿಲಿಗ್ರಾಂನಂತೆ ಕೊಡುತ್ತಾರೆ (ನವಜಾತ ಶಿಶುಗಳಿಗಾದರೆ 20). ಸೋಂಕು ಖಚಿತವಾದರೆ ಅವಧಿ 14ರಿಂದ 21 ದಿನ. ಮಕ್ಕಳಲ್ಲಿ ನಾವು 21ಕ್ಕೇ ಒಲವು ತೋರುತ್ತೇವೆ. ಮಗು ಚೇತರಿಸಿಕೊಂಡಿತೆಂದು ನಡುವೆಯೇ ಮಾತ್ರೆಗೆ ಬದಲಿಸುವಂತಿಲ್ಲ, ಏಕೆಂದರೆ ನುಂಗಿದ ಅಸೈಕ್ಲೊವಿರ್ ಮಿದುಳಿಗೆ ಸಾಕಾಗುವಷ್ಟು ಪ್ರಮಾಣದಲ್ಲಿ ರಕ್ತ ಸೇರುವುದಿಲ್ಲ. ಮೂತ್ರಪಿಂಡಕ್ಕೆ ತೊಂದರೆಯಾದೀತೆಂಬ ನಿಮ್ಮ ಭಯ ನಿರಾಧಾರವಲ್ಲ: ಔಷಧ ಅಲ್ಲಿ ಹರಳುಗಟ್ಟಬಲ್ಲದು. ಅದಕ್ಕೇ ಅದನ್ನು ಒಂದು ಗಂಟೆಯಷ್ಟು ಕಾಲ ನಿಧಾನವಾಗಿ ಹರಿಸುತ್ತಾರೆ, ಸಾಕಷ್ಟು ದ್ರವ ಕೊಡುತ್ತಾರೆ, ಮೂತ್ರಪಿಂಡದ ಕೆಲಸ ಹೇಗಿದೆಯೆಂದು ತಿಳಿಸುವ ಕ್ರಿಯಾಟಿನಿನ್ ರಕ್ತಪರೀಕ್ಷೆ ನೋಡುತ್ತಿರುತ್ತಾರೆ. ಮಗು ಎಷ್ಟು ಮೂತ್ರ ಮಾಡುತ್ತಿದೆ ಎಂದು ನೀವೂ ಕೇಳಿ, ತಪ್ಪೇನಿಲ್ಲ.

ಎರಡನೆಯ ಪಿಸಿಆರ್ ಕೂಡ ನೆಗೆಟಿವ್ ಬಂದು, ಎಂಆರ್‌ಐಯಲ್ಲೂ ಏನೂ ಕಾಣದೆ, ಮಗು ಎಚ್ಚರಗೊಂಡರೆ ಅವರೇ ನಿಲ್ಲಿಸುತ್ತಾರೆ. ಹರ್ಪಿಸ್ ಎಂದೇ ಖಚಿತವಾದರೆ, ಮನೆಗೆ ಹೋದ ಮೇಲಿನ ಕೆಲವು ವಾರ ಕಣ್ಣಿಟ್ಟಿರಿ. ಕೈಕಾಲು ತಾವಾಗಿ ತಿರುಚಿಕೊಳ್ಳುವುದು, ನಿದ್ರೆ ಕೆಡುವುದು, ವಿಪರೀತ ಕಿರಿಕಿರಿ ಕಾಣಿಸಿದರೆ ಅದು ವೈರಸ್ ಮರಳಿದ್ದಾಗಿರಬಹುದು, ಇಲ್ಲವೇ ದೇಹದ ಪ್ರತಿಕಾಯಗಳೇ ಮಿದುಳಿನ ಮೇಲೆ ತಿರುಗಿಬಿದ್ದದ್ದಾಗಿರಬಹುದು. ಎರಡರ ಚಿಕಿತ್ಸೆಯೂ ಬೇರೆ ಬೇರೆಯಾದ್ದರಿಂದ ಅಂದೇ ಮಗುವನ್ನು ಆಸ್ಪತ್ರೆಗೆ ಕರೆತನ್ನಿ.